ಓದದೆ ಬಿಟ್ಟ ಪ್ರಶ್ನೆಗಳು

ಮಾಗಡಿ
9 ಜುಲೈ 2023

ಪ್ರೀತಿಯ ಶಿವಲಕ್ಷ್ಮಿ,

ನಿಮ್ಮಪ್ಪನ ಮೊಬೈಲಿಗೆ ಮೂರು ಸಲ ಮಾಡಿದೆ. ಮೂರು ಸಲವೂ ಪುಟ್ಟಲಿಂಗಯ್ಯನವರೇ ಎತ್ತಿ, "ಕುರಿ ಹೊಡ್ಕಂಡು ಹೋಗವ್ಳೆ ಮೇಡಮ್ಮೋರೆ, ಬಂದ್ಮ್ಯಾಲೆ ಹೇಳ್ತೀನಿ" ಅಂದರು. ಕಡೆಯ ಸಲ ಅವರ ಹಿಂದೆ ನಿನ್ನ ದನಿ ಕೇಳಿದ ಹಾಗಾಯಿತು. ತಪ್ಪು ತಿಳಿಯಲಿಲ್ಲ. ಮಾತಾಡಲು ಆಗದಿದ್ದರೆ ಬರೆಯಬಹುದಲ್ಲ ಅಂತ ಈ ಕಾಗದ.

ಹೋದ ತಿಂಗಳು ನನಗೆ ಮಾಗಡಿಗೆ ವರ್ಗವಾಯಿತು. ಹೊರಡುವ ಮುಂಚೆ ಹತ್ತನೇ ತರಗತಿಯ ಫಲಿತಾಂಶದ ಹಾಳೆಯನ್ನು ಇನ್ನೊಮ್ಮೆ ನೋಡಿದೆ. ನಿನಗೆ ಕನ್ನಡದಲ್ಲಿ ನೂರಾ ಎರಡು. ಸಮಾಜದಲ್ಲಿ ಎಪ್ಪತ್ತು. ಬೇರೆ ಎಲ್ಲದರಲ್ಲೂ ಪಾಸು. ಗಣಿತ ಒಂದರಲ್ಲಿ ಇಪ್ಪತ್ತೊಂಬತ್ತು. ಪೂರಕ ಪರೀಕ್ಷೆಗೂ ನೀನು ಕಟ್ಟಲಿಲ್ಲವಂತೆ.

ಪರೀಕ್ಷೆಯ ದಿನ ನಿನ್ನ ಹಿಂದಿನ ಬೆಂಚಿನಲ್ಲಿ ಕೂತಿದ್ದ ರಮ್ಯಾ ಒಂದು ಮಾತು ಹೇಳಿದಳು. ಪರೀಕ್ಷೆ ಶುರುವಾಗಿ ಒಂದು ಗಂಟೆ ಆಗುವ ಮೊದಲೇ ನೀನು ಪೆನ್ನಿಗೆ ಮುಚ್ಚಳ ಹಾಕಿ ಕಿಟಕಿ ನೋಡುತ್ತ ಕೂತುಬಿಟ್ಟೆಯಂತೆ. ಮೈ ಸರಿಯಿರಲಿಲ್ಲವಾ? ಭಯವಾಯಿತಾ? ಬೈಯುವುದಕ್ಕೆ ಕೇಳುತ್ತಿಲ್ಲ. ಇಪ್ಪತ್ತಾರು ವರ್ಷ ಪಾಠ ಮಾಡಿದವಳಿಗೆ ಗೊತ್ತಿರಬೇಕಾದ್ದು ಗೊತ್ತಿಲ್ಲ ಅನಿಸುತ್ತಿದೆ, ಅದಕ್ಕೆ.

ಇದರ ಜೊತೆ ವಿಳಾಸ ಬರೆದ ಕವರ್ ಇಟ್ಟಿದ್ದೇನೆ.

ನಿನ್ನ ಗಣಿತದ ಮಿಸ್,
ರಾಧಾಮಣಿ


ಬೀರಯ್ಯನದೊಡ್ಡಿ, ಅಕ್ಕೂರು ಅಂಚೆ
30 ಜುಲೈ 2023

ಮಿಸ್‌ಗೆ ಶಿವಲಕ್ಷ್ಮಿಯ ನಮಸ್ಕಾರ.

ಅವತ್ತು ಮನೇಲೇ ಇದ್ದೆ ಮಿಸ್. ಅಪ್ಪಂಗೆ ನಾನೇ ಹಂಗೆ ಹೇಳು ಅಂದಿದ್ದೆ. ಫೋನ್ನಲ್ಲಿ ನಿಮ್ ದನಿ ಕೇಳಿದ್ರೆ ನನ್ ಬಾಯಲ್ಲಿ "ಹೂಂ ಮಿಸ್" ಅನ್ನೋದು ಬಿಟ್ರೆ ಇನ್ನೇನೂ ಬರಾಕಿಲ್ಲ.

ಮೈ ಚೆನ್ನಾಗೇ ಇತ್ತು. ಭಯಾನೂ ಇರ್ಲಿಲ್ಲ. ನೀವು ನಮ್ ಗುಂಪಿಗೆ ಹನ್ನೊಂದು ಲೆಕ್ಕ ಕೊಟ್ಟಿದ್ರಲ್ಲ, ಪಾಸಿಂಗ್ ಪ್ಯಾಕೇಜು ಅಂತ. ಜೆರಾಕ್ಸ್ ಹಾಳೆ. ಅದ್ರಲ್ಲಿ ನಾಲ್ಕು ಬಂದಿತ್ತು. ನಾಲ್ಕನ್ನೂ ಮಾಡ್ದೆ. ಮಿಕ್ಕಿದ್ವು ನಮ್ಮ ಲೆಕ್ಕ ಅಲ್ಲ, ಒಳಗಿನವರ ಲೆಕ್ಕ. ಅದಕ್ಕೆ ಅವನ್ನ ಓದ್ಲೇ ಇಲ್ಲ ಮಿಸ್. ಪೆನ್ನು ಮುಚ್ಚಿ ಕೂತ್ಕಂಡೆ.

ಒಳಗಿನವರು ಅಂದ್ರೆ ರಮ್ಯಾ ಅವ್ರೆಲ್ಲ. ನೀವು ಡಿಸೆಂಬರ್‌ನಲ್ಲಿ ಹದಿನಾರು ಜನನ ಒಳಗೆ ಕೂರ್ಸಿ ನಮ್ ಒಂಬತ್ತು ಜನನ ವರಾಂಡಕ್ಕೆ ಕಳಿಸಿದ್ರಿ. "ನಿಮಗೆ ಮೂವತ್ತೈದು ಬಂದ್ರೆ ಸಾಕು, ತಲೆ ಕೆಡಿಸ್ಕೋಬೇಡಿ" ಅಂದ್ರಿ. ನಾನು ಕೆಡಿಸ್ಕಳ್ಲಿಲ್ಲ.

ನಿಮ್ ಮೇಲೆ ಬೇಜಾರಿಲ್ಲ. ನೀವು ಒಳ್ಳೇದಕ್ಕೇ ಮಾಡಿದ್ರಿ. ಈಗ ಕುರಿ ಮೇಯಿಸ್ತಾ ಇವ್ನಿ. ನಲವತ್ಮೂರು ಐತೆ. ಹದಿನೆಂಟು ತುಂಬಿದ್ರೆ ಹಾರೋಹಳ್ಳಿ ಫ್ಯಾಕ್ಟ್ರಿಗೆ ಹಾಕ್ತೀನಿ ಅಂತ ಅಪ್ಪ ಅಂತಾವ್ರೆ. ಅಲ್ಲಿ ಫೇಲಾದೋರ್ಗೂ ಕೆಲ್ಸ ಕೊಡ್ತಾರಂತೆ. ಹಂಗಿದ್ಮ್ಯಾಲೆ ಮತ್ತೆ ಪರೀಕ್ಷೆ ಯಾತಕ್ಕೆ?

ಇಂತಿ ನಿಮ್ಮ ವಿದ್ಯಾರ್ಥಿನಿ,
ಶಿವಲಕ್ಷ್ಮಿ ಪಿ.


ಮಾಗಡಿ
6 ಆಗಸ್ಟ್ 2023

ಶಿವಲಕ್ಷ್ಮಿ,

ನಿನ್ನ ಕಾಗದ ಗುರುವಾರ ಬಂತು. ಅವತ್ತೇ ಉತ್ತರ ಬರೆಯಲು ಕೂತೆ, ಆಗಲಿಲ್ಲ. ಶುಕ್ರವಾರವೂ ಆಗಲಿಲ್ಲ.

ಹೌದು, ಗುಂಪು ಮಾಡಿದ್ದು ನಾನು. ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟೆ. ಶೇಕಡಾವಾರು ಬೀಳಬಾರದು ಅಂತ ಎಲ್ಲ ಕಡೆ ಹೀಗೇ ಮಾಡುತ್ತಾರೆ, ನಾನೂ ಮಾಡಿದೆ. ನಿನ್ನ ಹೆಸರಿನ ಮುಂದೆ ಚುಕ್ಕೆ ಇಡಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಅರ್ಧವಾರ್ಷಿಕದಲ್ಲಿ ನಿನಗೆ ಕಡಿಮೆ ಬಂದಿತ್ತು, ಅಷ್ಟೇ ನೋಡಿದೆ.

ನಾಲ್ಕು ಲೆಕ್ಕ ಮಾಡಿದೆ ಅಂದೆಯಲ್ಲ. ಹದಿನಾಲ್ಕು ಅಂಕದ ಪ್ರಶ್ನೆಗಳು. ನಿನ್ನ ಇಪ್ಪತ್ತೊಂಬತ್ತರಲ್ಲಿ ಹದಿನೈದು ಶಾಲೆಯಲ್ಲಿ ಕೊಟ್ಟ ಆಂತರಿಕ ಅಂಕ, ಬರೆದದ್ದಕ್ಕೆ ಬಂದದ್ದು ಹದಿನಾಲ್ಕಕ್ಕೆ ಹದಿನಾಲ್ಕು. ಮುಟ್ಟಿದ್ದರಲ್ಲಿ ಒಂದು ಅಂಕವನ್ನೂ ಬಿಟ್ಟುಕೊಡದವಳು ನನ್ನ ಒಳಗಿನ ಹದಿನಾರು ಜನರಲ್ಲಿ ಒಬ್ಬಳೂ ಇರಲಿಲ್ಲ.

ಪರೀಕ್ಷೆ ಯಾತಕ್ಕೆ ಎಂದು ಕೇಳಿದ್ದೀಯ. "ಓದಿದರೆ ಮುಂದೆ ಬರುತ್ತೀಯ" ಅನ್ನುವ ಮಾತನ್ನು ನಿನಗೆ ಹೇಳಲು ನಾಚಿಕೆಯಾಗುತ್ತದೆ. ನಿನಗೆ ಏನು ಬೇಕು ಅಂತ ನಾನು ಒಂದು ದಿನವೂ ಕೇಳಿದವಳಲ್ಲ. ಈಗ ಕೇಳುತ್ತೇನೆ. ಏನಾದರೂ ಬರೆ. ಕುರಿಗಳ ಬಗ್ಗೆಯಾದರೂ ಸರಿ.

ರಾಧಾಮಣಿ


ಬೀರಯ್ಯನದೊಡ್ಡಿ
10 ಸೆಪ್ಟೆಂಬರ್ 2023

ಮಿಸ್‌ಗೆ ನಮಸ್ಕಾರ.

ಕುರಿ ಬಗ್ಗೆ ಬರಿ ಅಂದ್ರಿ, ಅದಕ್ಕೆ ಬರೀತಾವ್ನಿ. ಇಲ್ಲಾಂದ್ರೆ ಬರೀತಿರ್ಲಿಲ್ಲ.

ಹೋದ ವಾರ ನಮ್ ದೊಡ್ಡೀಲಿ ಜಂತುಹುಳದ ಔಷಧಿ ಹಾಕೋ ಕ್ಯಾಂಪಿತ್ತು. ಪಶು ಆಸ್ಪತ್ರೆಯಿಂದ ಲತಾಮಣಿ ಮೇಡಂ ಬಂದಿದ್ರು. ವೆಟರ್ನರಿ ಇನ್ಸ್‌ಪೆಕ್ಟ್ರು. ಹೆಂಗಸ್ರು ಈ ಕೆಲ್ಸದಲ್ಲಿ ಇರ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಟಗರನ್ನ ಎರಡು ಮಂಡಿ ಮಧ್ಯ ಇಟ್ಕಂಡು, ಬಾಯಿ ಪಕ್ಕದಿಂದ ಔಷಧಿ ಬಿಡ್ತಾರೆ. ಟಗರು ಮಿಸುಕಾಡಾಕಿಲ್ಲ. ನಮ್ಮಪ್ಪನೇ ಬಾಯಿ ಬುಟ್ಕಂಡು ನೋಡ್ತಾ ನಿಂತ್ರು.

ಔಷಧಿ ಕುರಿ ತೂಕಕ್ಕೆ ತಕ್ಕಂಗೆ ಹಾಕ್ಬೇಕು. ನಮ್ ತಾವ ತಕ್ಕಡಿ ಎಲ್ಲೈತೆ? ಮೇಡಂ ಟೈಲರ್ ಟೇಪು ತೆಗುದ್ರು. ಮುಂಗಾಲ ಹಿಂದೆ ಎದೆ ಸುತ್ತ ಅಳುದ್ರು. ಆಮೇಲೆ ಭುಜದಿಂದ ಹಿಂದ್ಗಡೆಗಂಟ ಉದ್ದ ಅಳುದ್ರು. ಸುತ್ತಳತೇನ ಎರಡು ಸಲ ಗುಣಿಸಿ, ಉದ್ದದಿಂದ ಗುಣಿಸಿ, ಹತ್ತು ಸಾವಿರದ ಎಂಟುನೂರ ನಲವತ್ತರಿಂದ ಭಾಗಿಸಿದ್ರು. ನಮ್ ಬಿಳಿ ಕುರಿಗೆ ಸುತ್ತಳತೆ ಎಪ್ಪತ್ತು ಸೆಂಟಿಮೀಟ್ರು, ಉದ್ದ ಅರವತ್ತು. ಇಪ್ಪತ್ತೇಳು ಕೆ.ಜಿ. ಬಂತು.

ನಾನು ಕೇಳ್ದೆ, "ಮೇಡಂ, ಸುತ್ತಳತೇನ ಯಾಕೆ ಎರಡು ಸಲ ಗುಣಿಸ್ತೀರಿ?" ಅಂತ. "ಅದು ಸೂತ್ರ ಕಣವ್ವ, ಹಂಗೇ ಮಾಡೋದು" ಅಂದ್ರು.

ನಂಗೆ ಅದು ತಲೇಲೇ ಕೂತೈತೆ. ಎರಡು ಸಲ ಯಾಕೆ? ಉದ್ದ ಮಾತ್ರ ಒಂದೇ ಸಲ ಯಾಕೆ? ನಿಮಗೆ ಗೊತ್ತಾ ಮಿಸ್?

ಶಿವಲಕ್ಷ್ಮಿ

ಕುರಿ ಮೈ ಉದ್ದಕ್ಕೆ, ದುಂಡಗೆ ಐತಲ್ಲ, ಪುಸ್ತಕದಲ್ಲಿ ಸಿಲಿಂಡರ್ ಅಂತ ಒಂದು ಚಿತ್ರ ಇತ್ತು. ಅದಕ್ಕೂ ಇದಕ್ಕೂ ಸಂಬಂಧ ಐತಾ? ಅದು ನಮ್ ಗುಂಪಿಗೆ ಇರ್ಲಿಲ್ಲ.


ಮಾಗಡಿ
17 ಸೆಪ್ಟೆಂಬರ್ 2023

ಶಿವಲಕ್ಷ್ಮಿ, ಶಿವಲಕ್ಷ್ಮಿ!

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿ ಜೋರಾಗಿ ನಕ್ಕುಬಿಟ್ಟೆ. ಖುಷಿಗೆ. ಪಕ್ಕದವರು ಮಗಳ ಮದುವೆ ಗೊತ್ತಾಯಿತಾ ಮೇಡಂ ಅಂದರು.

ಸಂಬಂಧ ಇದೆ. ಕುರಿ ಒಂದು ಸಿಲಿಂಡರ್. ಇಪ್ಪತ್ತಾರು ವರ್ಷದಿಂದ ಆ ಪಾಠ ಮಾಡಿದ್ದೇನೆ. ನೀರಿನ ಟ್ಯಾಂಕು, ಕೊಳವೆ, ಡಬ್ಬ ಅಂತ ಹೇಳಿದ್ದೇನೆ. ಒಂದು ಪ್ರಾಣಿಯ ಮೈಯಲ್ಲಿ ಅದನ್ನು ಕಂಡವಳು ನೀನೊಬ್ಬಳೇ. ಸೂತ್ರ ಕೇಳಿದ ಮೇಲೆ ಎಲ್ಲರೂ ಉತ್ತರ ಬರೆದುಕೊಳ್ಳುತ್ತಾರೆ. ಯಾಕೆ ಎರಡು ಸಲ ಅಂತ ಕೇಳುವವರನ್ನು ನಾನು ಇಷ್ಟು ವರ್ಷ ಕಾಯುತ್ತಿದ್ದೆನೋ ಏನೋ.

ಆದರೆ ಉತ್ತರ ಹೇಳುವುದಿಲ್ಲ. ನೀನೇ ಹುಡುಕು. ಎರಡು ಸುಳಿವು ಮಾತ್ರ. ಸಿಲಿಂಡರಿನ ಘನಫಲ ಎಂದರೆ ಬುಡದ ವೃತ್ತದ ವಿಸ್ತೀರ್ಣವನ್ನು ಉದ್ದದಿಂದ ಗುಣಿಸುವುದು. ಎರಡನೆಯದು, ಟೇಪಿನಲ್ಲಿ ಸಿಗುವುದು ವೃತ್ತದ ಸುತ್ತಳತೆ, ತ್ರಿಜ್ಯ ಅಲ್ಲ. ಪಠ್ಯಪುಸ್ತಕ ಕಳಿಸುತ್ತಿದ್ದೇನೆ. ನಿಧಾನವಾಗಿ ಮಾಡು, ಅವಸರ ಏನೂ ಇಲ್ಲ.

ನಿನ್ನ ಮಿಸ್


ಬೀರಯ್ಯನದೊಡ್ಡಿ
8 ಅಕ್ಟೋಬರ್ 2023

ಮಿಸ್,

ಬಂತು!

ಹನ್ನೊಂದು ದಿನ ಹಿಡೀತು. ಮೊದಲ ನಾಲ್ಕು ದಿನ ಬರೀ ತಪ್ಪು. ಬಂಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯೋದು, ಉಜ್ಜೋದು. ಕುರಿ ಎರಡು ಸಲ ಯಾರ್ದೋ ರಾಗಿ ಹೊಲಕ್ಕೆ ನುಗ್ಗಿ ಬೈಸ್ಕಂಡೆ.

ಸುತ್ತಳತೆ ಅಂದ್ರೆ ಎರಡು ಪೈ ಆರ್. ಅದನ್ನ ಅದರಿಂದಲೇ ಗುಣಿಸಿದ್ರೆ ನಾಲ್ಕು ಪೈ ವರ್ಗ ಆರ್ ವರ್ಗ ಆಗ್ತದೆ. ನಮಗೆ ಬೇಕಾಗಿರೋದು ಪೈ ಆರ್ ವರ್ಗ ಮಾತ್ರ. ಅದಕ್ಕೆ ನಾಲ್ಕು ಪೈನಿಂದ ಭಾಗಿಸ್ಬೇಕು. ಅದಕ್ಕೇ ಸುತ್ತಳತೆ ಎರಡು ಸಲ, ಉದ್ದ ಒಂದೇ ಸಲ!

ಆಮೇಲೆ ಇನ್ನೊಂದು ಕಷ್ಟ ಬಂತು. ಸಾವಿರ ಘನ ಸೆಂಟಿಮೀಟ್ರು ನೀರು ಒಂದು ಕೆ.ಜಿ., ಕುರಿ ಮೈಯೂ ಹೆಚ್ಚು ಕಮ್ಮಿ ಅಷ್ಟೇ ಅಂತ ಇಟ್ಕಂಡೆ. ಆಗ ಹನ್ನೆರಡು ಸಾವಿರದ ಐನೂರ ಎಪ್ಪತ್ತರಿಂದ ಭಾಗಿಸ್ಬೇಕು. ಮೇಡಂ ಹತ್ತು ಸಾವಿರದ ಎಂಟುನೂರ ಚಿಲ್ಲರೆಯಿಂದ ಭಾಗಿಸ್ತಾರೆ. ನನ್ ಲೆಕ್ಕದಲ್ಲಿ ಬಿಳಿ ಕುರಿ ಇಪ್ಪತ್ತಮೂರೂವರೆ ಕೆ.ಜಿ.ಯೇ ಬರ್ತದೆ. ಮೂರೂವರೆ ಕೆ.ಜಿ. ಎಲ್ಲೋಯ್ತು ಅಂತ ಎರಡು ದಿನ ತಲೆ ಕೆಡ್ತು. ಸಾಯಂಕಾಲ ಬಿಳಿ ಕುರಿ ನನ್ ಮುಂದೇನೇ ನಿಂತು ನನ್ನೇ ನೋಡ್ತಿತ್ತು. ಆಗ ಹೊಳೀತು ಮಿಸ್. ತಲೆ, ಕಾಲು! ಟೇಪು ಮೈಯನ್ನ ಮಾತ್ರ ಅಳೀತದೆ. ತಲೆ, ಕತ್ತು, ನಾಲ್ಕು ಕಾಲು ಸಿಲಿಂಡರ್ ಒಳಗಿಲ್ಲ. ಅದಕ್ಕೇ ಒಸಿ ಸಣ್ಣ ಸಂಖ್ಯೆಯಿಂದ ಭಾಗಿಸಿ ಅದನ್ನೂ ಸೇರುಸ್ತಾರೆ.

ಸರೀನಾ?

ಲತಾಮಣಿ ಮೇಡಂಗೆ ಹೇಳ್ದೆ. ಅವರು ಇನ್ನೊಂದು ಸಲ ಹೇಳ್ಸುದ್ರು. ಆಮೇಲೆ, "ಹತ್ತನೇದು ಆದ್ಮೇಲೆ ಪಶುಸಂಗೋಪನೆ ಡಿಪ್ಲೊಮಾ ಐತೆ, ಎರಡು ವರ್ಷ, ನಾನು ಅದನ್ನೇ ಓದಿದ್ದು. ನೀನು ಪಾಸಾಗಿದೀಯಾ?" ಅಂದ್ರು. "ಇಲ್ಲ" ಅಂದೆ. ಅವತ್ತು ಮೊದಲ ಸಲ ನಂಗೆ ಫೇಲಾಗಿದ್ದಕ್ಕೆ ಅಳು ಬಂತು. ರಿಜಲ್ಟ್ ದಿನ ಬಂದಿರ್ಲಿಲ್ಲ.

ಮಾರ್ಚಿಗೆ ಕಟ್ತೀನಿ. ಎಲ್ಲ ಪಾಠಾನೂ ಹೇಳ್ಕೊಡಿ ಮಿಸ್. ಎಲ್ಲಾನೂ.

ಶಿವಲಕ್ಷ್ಮಿ


ಮಾಗಡಿ
14 ಡಿಸೆಂಬರ್ 2023

ಪ್ರೀತಿಯ ಶಿವಲಕ್ಷ್ಮಿ,

ನೀನು ಕಳಿಸಿದ ತ್ರಿಕೋನಮಿತಿಯ ಅಭ್ಯಾಸ ನೋಡಿದೆ. ಎಂಟರಲ್ಲಿ ಐದು ಸರಿ. ಎರಡು ತಿಂಗಳಲ್ಲಿ ಆರು ಅಧ್ಯಾಯ ಮುಗಿಸಿದ್ದೀಯ. ಆದರೆ ಇನ್ನೂ ಎಂಟು ಉಳಿದಿದೆ, ಸಂಕ್ರಾಂತಿ ಕಳೆದರೆ ಕುರಿಯ ಜೊತೆ ಹೊರಡಬೇಕು ಅಂತಲೂ ಬರೆದಿದ್ದೀಯ. ದಿನಗಳನ್ನು ಎಣಿಸಿ ನನಗೆ ಗಾಬರಿಯಾಯಿತು.

ಆದ್ದರಿಂದ ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಖಂಡಿತ ಬರುವ ಪ್ರಶ್ನೆಗಳು, ಹದಿನೈದು. ಮೊದಲು ಇವನ್ನು ಗಟ್ಟಿ ಮಾಡಿಕೊ. ಡಿಪ್ಲೊಮಾಕ್ಕೆ ಪಾಸಾಗುವುದು ಮುಖ್ಯ. ಮಿಕ್ಕದ್ದನ್ನು ಆಮೇಲೆ ನೋಡೋಣ.

ರಾಧಾಮಣಿ


ಮಾಗಡಿ
20 ಜನವರಿ 2024

ಶಿವಲಕ್ಷ್ಮಿ,

ಐದು ವಾರವಾಯಿತು. ಕಾಗದ ತಲುಪಿತಾ? ಮನೆಯಲ್ಲಿ ಎಲ್ಲರೂ ಸೌಖ್ಯವಾ? ಅರ್ಜಿ ಕಟ್ಟಿದೆಯಾ? ಅಷ್ಟು ತಿಳಿಸಿದರೂ ಸಾಕು.

ರಾಧಾಮಣಿ


ಸಾತನೂರು ಹತ್ತಿರ, ಕನಕಪುರ ತಾಲ್ಲೂಕು
11 ಫೆಬ್ರವರಿ 2024

ಮಿಸ್‌ಗೆ ನಮಸ್ಕಾರ.

ಎರಡು ಕಾಗದಾನೂ ತಲುಪಿತ್ತು. ಉತ್ತರ ಬರೀದೆ ಇದ್ದಿದ್ದು ನಾನೇ.

ನಾನೂ ಅಪ್ಪಾನೂ ಕುರಿ ಹೊಡ್ಕಂಡು ಈ ಕಡೆ ಬಂದು ಹದಿನೈದು ದಿನ ಆಯ್ತು. ರಾಗಿ ಕುಯ್ದ ಹೊಲದಲ್ಲಿ ಮಂದೆ ಹಾಕ್ತೀವಿ. ಹೊಲದೋರಿಗೆ ಗೊಬ್ಬರ, ನಮಗೆ ರಾಗಿ. ಅವ್ವ ಮನೇಲಿ ಅವ್ಳೆ.

ಡಿಸೆಂಬರ್‌ನಲ್ಲಿ ನಿಮ್ ಕವರ್ ಒಡೆದೆ. ಜೆರಾಕ್ಸ್ ಹಾಳೆ ಕಾಣಿಸ್ತು. ಮಡಿಚಿ ಮತ್ತೆ ಒಳಗಿಟ್ಟೆ. ಸಿಟ್ಟಲ್ಲ ಮಿಸ್. ಏನಂತ ಹೇಳ್ಲಿ? ಕುರಿ ಲೆಕ್ಕ ಕಳಿಸಿದಾಗ ನೀವು ನಕ್ಕೆ ಅಂತ ಬರೆದಿದ್ರಿ. ನನ್ನಿಂದ ಆಗ್ತದೆ ಅಂತ ನಿಮಗೂ ಗೊತ್ತಾಯ್ತು ಅಂದ್ಕಂಡಿದ್ದೆ. ಹಾಳೆ ನೋಡಿದ್ಮ್ಯಾಲೆ, ಮಿಸ್‌ಗೆ ಇನ್ನೂ ನಂಬಿಕೆ ಇಲ್ಲ ಅನ್ನುಸ್ತು. ನಿಮಗೇ ಇಲ್ಲ ಅಂದ್ರೆ ನಂಗೆ ಎಲ್ಲಿಂದ ಬರ್ಬೇಕು? ಒಂದು ತಿಂಗಳು ಪುಸ್ತಕ ಮುಟ್ಲಿಲ್ಲ.

ಮತ್ತೆ ಮುಟ್ಟಿದ್ದು ಅಪ್ಪನಿಂದ. ಒಂದಿನ ಹೊಲದೋರು ಬಾವಿ ಸುತ್ತ ಕಟ್ಟೆ ಕಟ್ಟಿಸ್ತಾ ಗಾರೆ ಕೆಲಸದವರ ಜೊತೆ ಅಳತೆಗೆ ಜಗಳ ಆಡ್ತಿದ್ರು. ಎಷ್ಟು ಕಲ್ಲು ಬೇಕು ಅಂತ. ಅಪ್ಪ ಅವರ ಮುಂದೆ ಅಂದ್ಬುಟ್ರು, "ನಮ್ ಮಗಳನ್ನ ಕೇಳಿ, ಅವ್ಳು ದುಂಡಗಿರೋದ್ನೆಲ್ಲ ಅಳೀತಾಳೆ" ಅಂತ. ನನ್ನನ್ನ ಫ್ಯಾಕ್ಟ್ರಿಗೆ ಹಾಕ್ತೀನಿ ಅಂತಿದ್ದ ಅಪ್ಪ! ನಾನು ಬಂಡೆ ಮೇಲೆ ಬರೆದಿದ್ದನ್ನೆಲ್ಲ ನೋಡ್ತಿದ್ರು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಅಳುದೆ. ಸರಿಯಾಗಿ ಹೇಳ್ದೆ.

ಅರ್ಜಿ ಕಟ್ಟಿದೀನಿ. ಆ ಹದಿನೈದು ಲೆಕ್ಕಾನೂ ಮಾಡಿದೀನಿ, ಮಿಕ್ಕಿದ್ದೂ ಮಾಡ್ತೀನಿ. ಹಾಳೆ ಮಾತ್ರ ವಾಪಸ್ ಕಳಿಸ್ತಾವ್ನಿ. ತಪ್ಪು ತಿಳೀಬೇಡಿ.

ಶಿವಲಕ್ಷ್ಮಿ


ಮಾಗಡಿ
18 ಫೆಬ್ರವರಿ 2024

ನನ್ನ ಶಿವಲಕ್ಷ್ಮಿ,

ಹಾಳೆ ಬಂತು. ಒಳ್ಳೆಯದು ಮಾಡಿದೆ.

ನಿನ್ನ ಸೋಲಿನ ಭಯ ನನ್ನದಾಗಿತ್ತು, ನಿನ್ನದಲ್ಲ. ಅದನ್ನು ಜೆರಾಕ್ಸ್ ಮಾಡಿಸಿ ನಿನಗೆ ಕಳಿಸಿದೆ. ಕ್ಷಮಿಸು ಅಂತ ಹಿರಿಯರು ಕಿರಿಯರಿಗೆ ಬರೆಯುವುದು ನಮ್ಮಲ್ಲಿ ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯ ನಿನಗೆ ಹೇಳದೆ ಮುಚ್ಚಿಟ್ಟಿದ್ದೆ. ಇಲ್ಲಿಯೂ ನನ್ನ ಮೂವತ್ತನಾಲ್ಕು ಮಕ್ಕಳನ್ನು ನವೆಂಬರಿನಲ್ಲೇ ಎರಡು ಗುಂಪು ಮಾಡಿಬಿಟ್ಟಿದ್ದೆ. ಆಗಸ್ಟಿನಲ್ಲಿ ನಿನ್ನ ಕಾಗದ ಓದಿ ಅತ್ತವಳೇ ಮೂರು ತಿಂಗಳಲ್ಲಿ ಮತ್ತೆ ಪೆನ್ಸಿಲ್ ಹಿಡಿದೆ ನೋಡು. ಮೊನ್ನೆ ಗುರುವಾರ ಎಲ್ಲರನ್ನೂ ಒಳಗೆ ಕೂರಿಸಿದೆ. ಹೆಡ್‌ಮಾಸ್ತರು ಕರೆಸಿ, "ಫೆಬ್ರವರಿಯಲ್ಲಿ ಪ್ರಯೋಗ ಬೇಡ ಮೇಡಂ, ರಿಸಲ್ಟ್ ಬಿದ್ದರೆ ನೋಟಿಸ್ ಬರೋದು ನಿಮಗೇ" ಅಂದರು. "ಬರಲಿ ಸಾರ್" ಅಂದೆ.

ಮೊದಲ ದಿನ ಅವರಿಗೆ ನಿನ್ನ ಕುರಿಯ ಲೆಕ್ಕ ಹೇಳಿದೆ. ಹಿಂದಿನ ಬೆಂಚಿನ ಒಬ್ಬಳು, ಗಣಿತದ ತರಗತಿಯಲ್ಲಿ ಎಂದೂ ಬಾಯಿ ಬಿಡದವಳು, "ಮಿಸ್, ಎಮ್ಮೆಗೆ ಯಾವ ನಂಬರ್?" ಅಂದಳು. ನನಗೆ ಗೊತ್ತಿಲ್ಲ. ಲತಾಮಣಿಯವರನ್ನು ಕೇಳಿ ಬರೆ.

ಎಲ್ಲ ಅಧ್ಯಾಯವನ್ನೂ ಓದು. ನಿನ್ನಿಂದ ಆಗುತ್ತದೆ. ಸಮಾಧಾನಕ್ಕೆ ಹೇಳುತ್ತಿಲ್ಲ, ನೀನು ಇಲ್ಲಿಯವರೆಗೆ ಕಳಿಸಿದ ಹಾಳೆಗಳು ನನ್ನ ಮೇಜಿನ ಮೇಲಿವೆ, ಅವನ್ನು ನೋಡಿ ಹೇಳುತ್ತಿದ್ದೇನೆ.

ರಾಧಾಮಣಿ


ಸಾತನೂರು ಹತ್ತಿರ
5 ಏಪ್ರಿಲ್ 2024

ಮಿಸ್,

ಬರೆದೆ.

ಅವ್ವ ಹಿಂದಿನ ದಿನಾನೇ ಬಂದು ಕುರಿ ನೋಡ್ಕಂಡ್ಳು. ಅಪ್ಪ ನನ್ ಜೊತೆ ಹೊರಟ್ರು. ಬೇಡ ಅಂದೆ, ಕೇಳ್ಲಿಲ್ಲ. ಸಾತನೂರಿಂದ ಚನ್ನಪಟ್ಟಣಕ್ಕೆ ಮೊದಲ ಬಸ್ಸು. ಅಪ್ಪ ಕಿಟಕಿ ಪಕ್ಕ ಕೂತ್ರು. ಆಮೇಲೆ ಕೇಳುದ್ರು.

"ಎಷ್ಟೊತ್ತು ಬರೀತೀಯವ್ವ?"

"ಮೂರು ಗಂಟೆ ಹದಿನೈದು ನಿಮಿಷ."

"ಅಷ್ಟೊತ್ತು ಬರಿಯಾಕೆ ಏನೈತೆ?"

"ಐತೆ ಅಪ್ಪ."

ಅಪ್ಪ ಹೂಂ ಅಂದು ತಲೆ ಆಡಿಸಿದ್ರು.

ಈ ಸಲ ಎಲ್ಲ ಕಡೆ ಕ್ಯಾಮ್ರ ಹಾಕಿದ್ರು. ಎಷ್ಟೋ ಜನ ಅದನ್ನೇ ನೋಡ್ತಾ ಕೂತಿದ್ರು. ನಾನು ಮೊದಲು ಪತ್ರಿಕೆ ಪೂರ್ತಿ ಓದ್ದೆ. ಮೂವತ್ತೆಂಟು ಪ್ರಶ್ನೆ. ಒಂದೊಂದನ್ನೂ. ಆರು ಬರಾಕಿಲ್ಲ ಅಂತ ಗೊತ್ತಾಯ್ತು. ಆದ್ರೂ ಅವನ್ನ ಮುಟ್ದೆ. ರಚನೆ ಲೆಕ್ಕದಲ್ಲಿ ಕೈವಾರದ ಮೊನೆ ಜಾರಿ ಹಾಳೆ ಹರೀತು, ಇನ್ನೊಂದು ಹಾಳೇಲಿ ಮತ್ತೆ ಮಾಡ್ದೆ. ಗಂಟೆ ಹೊಡೆದಾಗ ನಾನಿನ್ನೂ ಬರೀತಿದ್ದೆ. ಮೇಡಂ ಬಂದು ಕೈಯಿಂದ ಇಸ್ಕಂಡ್ರು.

ಹೊರಗೆ ಬಂದ್ರೆ ಅಪ್ಪ ಗೇಟ್ ಎದುರು ಟೀ ಅಂಗಡಿ ತಾವ ನಿಂತಿದ್ರು. "ಎಲ್ಲ ಹುಡುಗ್ರೂ ಬಂದಾಯ್ತು, ನೀನೇ ಕೊನೆಯೋಳು" ಅಂದ್ರು. ಬೈತಾವ್ರೆ ಅಂದ್ಕಂಡೆ. ಆದ್ರೆ ಟೀ ಅಂಗಡಿ ಗುಲ್ಜಾರ್ ಬೀ ಅನ್ನೋ ಅಜ್ಜಿ ನಕ್ಕಂಡು, "ನಿಮ್ಮಪ್ಪ ಆಗಿಂದ ಎಲ್ರಿಗೂ ಅದನ್ನೇ ಹೇಳ್ತಾವ್ರಮ್ಮ, ನನ್ ಮಗಳು ಇನ್ನೂ ಬರೀತಾವ್ಳೆ, ಇನ್ನೂ ಬರೀತಾವ್ಳೆ ಅಂತ" ಅಂದ್ರು.

ಎಷ್ಟು ಬರ್ತದೋ ಗೊತ್ತಿಲ್ಲ.

ಶಿವಲಕ್ಷ್ಮಿ


ಮಾಗಡಿ
12 ಮೇ 2024

ಶಿವಲಕ್ಷ್ಮಿ,

ಅರವತ್ತೇಳು!

ಗುರುವಾರ ಬೆಳಿಗ್ಗೆಯಿಂದ ನಾಲ್ಕು ಸಲ ನಿನ್ನ ನಂಬರ್ ಹಾಕಿ ನೋಡಿದೆ. ಫೋನ್ ಮಾಡಿದಾಗ ನೀನೇ ಎತ್ತಿದೆ, "ಹೂಂ ಮಿಸ್" ಅಂದೆ, ಅಷ್ಟೇ. ಅದಕ್ಕೇ ಮತ್ತೆ ಕಾಗದ.

ಕುರಿಯ ಹಿಂದೆ ನಡೆದುಕೊಂಡು, ಟ್ಯೂಷನ್ ಇಲ್ಲದೆ, ಎದುರಿಗೆ ಮೇಷ್ಟರಿಲ್ಲದೆ, ಅಂಚೆಯಲ್ಲಿ ಬಂದ ಸುಳಿವು ಹಿಡಿದು ಇಡೀ ಪುಸ್ತಕ ಕಲಿತವಳು ನೀನು. ನಾನು ಕಲಿಸಿದೆ ಅಂತ ಯಾರಾದರೂ ಅಂದರೆ ಒಪ್ಪುವುದಿಲ್ಲ. ನಾನು ದಾರಿಗೆ ಅಡ್ಡ ನಿಂತಾಗಲೂ ನನ್ನನ್ನು ಸುತ್ತಿಕೊಂಡು ಹೋದವಳು ನೀನು.

ನನ್ನ ತರಗತಿಯ ಸುದ್ದಿಯನ್ನೂ ಹೇಳಬೇಕು. ಈ ಸಲ ಎಲ್ಲ ಕಡೆ ಫಲಿತಾಂಶ ಇಳಿದಿದೆ, ನಮ್ಮದೂ ಇಳಿದಿದೆ. ಗಣಿತದಲ್ಲಿ ಮೂವರು ಹೋದರು. ಕಳೆದ ವರ್ಷ ಇಲ್ಲಿ ಒಬ್ಬರೂ ಹೋಗಿರಲಿಲ್ಲವಂತೆ. ಎಮ್ಮೆಯ ನಂಬರ್ ಕೇಳಿದ್ದಳಲ್ಲ, ಅವಳ ಹೆಸರು ಶಬ್ನಮ್, ಆ ಮೂವರಲ್ಲಿ ಅವಳೂ ಒಬ್ಬಳು. ಗುಂಪು ಮಾಡಿ ಹನ್ನೊಂದು ಲೆಕ್ಕ ಉರು ಹೊಡೆಸಿದ್ದರೆ ಅವಳು ಪಾಸಾಗುತ್ತಿದ್ದಳೋ ಏನೋ. ನೋಟಿಸು ಬಂದರೆ ಬರಲಿ. ಆದರೆ ಅವಳ ಮುಖ ನೋಡುವುದು ಕಷ್ಟವಾಗಿದೆ. ಮನೆಗೆ ಹೋಗಿದ್ದೆ, ಒಳಗಿನಿಂದ ಬರಲೇ ಇಲ್ಲ. ಜೂನಿನಲ್ಲಿ ಎರಡನೇ ಪರೀಕ್ಷೆ ಇದೆ.

ಇದನ್ನೆಲ್ಲ ನಿನ್ನ ಸಂತೋಷದ ಹೊತ್ತಿನಲ್ಲಿ ಬರೆಯಬಾರದಿತ್ತು. ಆದರೆ ಬೇರೆ ಯಾರಿಗೆ ಬರೆಯಲಿ?

ರಾಧಾಮಣಿ


ಬೀರಯ್ಯನದೊಡ್ಡಿ
16 ಮೇ 2024

ಮಿಸ್,

ಭಾನುವಾರ ಬತ್ತೀನಿ. ರಾಮನಗರದಲ್ಲಿ ಬಸ್ ಬದಲಾಯ್ಸಿದ್ರೆ ಹನ್ನೊಂದಕ್ಕೆ ಮಾಗಡಿ. ನಿಮ್ ಮನೆ ತೋರ್ಸೋದು ಬೇಡ, ಮೊದಲು ಶಬ್ನಮ್ ಮನೆ ತೋರ್ಸಿ. ನೀವು ಒಳಗೆ ಬರ್ಬೇಡಿ. ಫೇಲಾದೋಳ ತಾವ ಫೇಲಾದೋಳು ಮಾತಾಡ್ತೀನಿ.

ಶಿವಲಕ್ಷ್ಮಿ


ಮಾಗಡಿ
14 ಜುಲೈ 2024

ಪ್ರೀತಿಯ ಶಿವಲಕ್ಷ್ಮಿ,

ಎರಡನೇ ಪರೀಕ್ಷೆಯ ಫಲಿತಾಂಶ ಬುಧವಾರ ಬಂತು. ಮೂವರಲ್ಲಿ ಇಬ್ಬರು ಪಾಸು. ಶಬ್ನಮ್‌ಗೆ ನಲವತ್ತೆಂಟು. ಇನ್ನೊಬ್ಬಳು ನಮ್ಮ ಶಾಲೆಯ ಬಿಸಿಯೂಟದ ಅಡುಗೆ ಮಾಡುವ ಗಂಗಲಕ್ಷ್ಮಮ್ಮನವರ ಮೊಮ್ಮಗಳು, ಮೂವತ್ತಾರು. ಮೂರನೆಯವನು ಪರೀಕ್ಷೆಗೇ ಬರಲಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅವನ ವಿಳಾಸ ಹುಡುಕುತ್ತಿದ್ದೇನೆ.

ನಾಲ್ಕು ಭಾನುವಾರ ನೀನು ಬಂದು ಹೋದೆ. ಆ ಬಾಗಿಲ ಒಳಗೆ ಏನು ಮಾತಾಡಿದೆ ಅಂತ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಮೊದಲ ಭಾನುವಾರ ಎರಡು ಗಂಟೆ ರಸ್ತೆಯಲ್ಲಿ ನಿಂತಿದ್ದೆ. ಕೊನೆಗೆ ಒಳಗಿನಿಂದ ನಗು ಕೇಳಿಸಿತು. ಇಬ್ಬರದೂ. ನನ್ನ ಮನಸ್ಸಿನ ಭಾರ ಅವತ್ತೇ ಇಳಿಯಿತು.

ನೋಟಿಸು ಬಂದಿದೆ. ಉತ್ತರ ಬರೆದಿದ್ದೇನೆ. ಈ ವರ್ಷವೂ ಎಲ್ಲರೂ ಒಳಗೇ ಕೂರುತ್ತಾರೆ.

ಡಿಪ್ಲೊಮಾದ ಮೊದಲ ಪಟ್ಟಿಯಲ್ಲಿ ಹೆಸರಿಲ್ಲ ಅಂತ ಲತಾಮಣಿಯವರು ಫೋನ್ ಮಾಡಿದ್ದರು. ಎರಡನೆಯದು ಇನ್ನೂ ಇದೆ. ಸಿಗದಿದ್ದರೆ ಮುಂದಿನ ವರ್ಷ. ನೀನು ಕಾಯಬಲ್ಲೆ, ಗೊತ್ತು.

ನಿನ್ನ ಮಿಸ್,
ರಾಧಾಮಣಿ


ಹೆಣ್ಣುಮಕ್ಕಳ ಹಾಸ್ಟೆಲ್, ಹಾಸನ ಜಿಲ್ಲೆ
22 ಸೆಪ್ಟೆಂಬರ್ 2024

ಮಿಸ್‌ಗೆ ಶಿವಲಕ್ಷ್ಮಿಯ ನಮಸ್ಕಾರ.

ಎರಡನೇ ಪಟ್ಟೀಲಿ ಹೆಸರು ಬಂದಿದ್ದು ಫೋನ್ನಲ್ಲಿ ಹೇಳಿದ್ನಲ್ಲ. ಬಂದು ಹದಿನೈದು ದಿನ ಆಯ್ತು. ಅಪ್ಪ ಬಿಟ್ಟೋಗಾಕೆ ಬಂದಿದ್ರು. ಹಾಸ್ಟೆಲ್ ನೋಡ್ಲಿಲ್ಲ, ಕೊಟ್ಟಿಗೆ ನೋಡುದ್ರು. "ಕುರಿ ಚೆನ್ನಾಗಿ ಮಡಗವ್ರೆ, ನಿನ್ನೂ ಚೆನ್ನಾಗೇ ಮಡಗ್ತಾರೆ" ಅಂದು ಹೊರಟೋದ್ರು.

ನಮ್ ತರಗತೀಲಿ ನಲವತ್ತು ಜನ. ಹುಡುಗೀರು ಹನ್ನೊಂದು. ಬಹಳ ಜನಕ್ಕೆ ತೊಂಬತ್ತರ ಮೇಲೆ. ನನ್ ರೂಮಿನೋಳು ನಿಂಗೆಷ್ಟು ಅಂತ ಕೇಳುದ್ಲು, ಗಣಿತದಲ್ಲಿ ಅರವತ್ತೇಳು, ಎರಡನೇ ಸಲ ಕಟ್ಟಿ ಅಂದೆ. ಅವ್ಳು ಮಾತು ಬದಲಾಯ್ಸಿದ್ಲು. ನಾನೇ ಮತ್ತೆ ಅದೇ ಮಾತಿಗೆ ತಂದು ಪೂರ್ತಿ ಹೇಳ್ದೆ.

ಶುಕ್ರವಾರ ಅಂಗರಚನೆ ಪಾಠ ಇತ್ತು. ಸಾರ್ ಬಂದೋರೇ, "ಕುರಿಗೆ ಹೊಟ್ಟೇಲಿ ಎಷ್ಟು ಕೋಣೆ?" ಅಂತ ಕೇಳುದ್ರು. ಯಾರೂ ಕೈ ಎತ್ಲಿಲ್ಲ. ನಾನು ಎತ್ತಿದೆ. ಹಬ್ಬದಲ್ಲಿ ಮರಿ ಕುಯ್ದಾಗ ಅಪ್ಪ ತೊಳೆಯೋದನ್ನ ಎಷ್ಟು ಸಲ ನೋಡಿಲ್ಲ ನಾನು! ಎದ್ದು ನಿಂತು, "ಮೂರ್ ಐತೆ ಸಾರ್" ಅಂದೆ.

"ನಾಲ್ಕು" ಅಂದ್ರು ಸಾರ್. ಇಡೀ ಕ್ಲಾಸು ನಗ್ತು. ತಪ್ಪು ಹೇಳಿದ್ದಕ್ಕೆ ಒಸಿ, "ಐತೆ" ಅಂದಿದ್ದಕ್ಕೆ ಜಾಸ್ತಿ. ಕಿವಿ ಬಿಸಿ ಆಯ್ತು ಮಿಸ್. ಕೂತ್ಕಂಡೆ. ನಾಲ್ಕು ಅಂತ ಪುಸ್ತಕದಲ್ಲಿ ಬರ್ಕಂಡೆ. ನಾಲ್ಕನೇದು ಯಾವುದು, ಅದು ಇಷ್ಟು ವರ್ಷ ನನ್ ಕಣ್ಣಿಗೆ ಯಾಕೆ ಬೀಳ್ಲಿಲ್ಲ ಅಂತ ಯೋಚನೆ ಮಾಡ್ತಾನೇ ಇದ್ದೆ.

ಅಷ್ಟರಲ್ಲಿ ಸಾರ್ ಎರಡನೇ ಪ್ರಶ್ನೆ ಕೇಳುದ್ರು. ಕ್ಲಾಸು ಇನ್ನೂ ನಗ್ತಾನೇ ಇತ್ತು.

ನಾನು ಮತ್ತೆ ಕೈ ಎತ್ತಿದೆ.

ಇಂತಿ,
ಶಿವಲಕ್ಷ್ಮಿ ಪಿ.
ಮೊದಲನೇ ವರ್ಷ, ಪಶುಸಂಗೋಪನೆ